ಎಮ್ಮೆಗೆ ಹೊಸ ಸ್ಟಾರ್ಟರ್

"ಟಿಕ್."

ಅಪ್ಪ ಮತ್ತೊಮ್ಮೆ ಕೀ ತಿರುಗಿಸಿದ.

"ಟಿಕ್."

"ಆತು, ಇವತ್ತೂ ಎಮ್ಮೆ ಮಲಗಿತು" ಎನ್ನುತ್ತ ಅಪ್ಪ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಮಾಬ್ಲಜ್ಜಾ, ಸ್ವಲ್ಪ ಬರ್ರಿ."

ಹಿಂದಿನ ಸೀಟಿನಲ್ಲಿದ್ದ ಕಮಲಿ ಮೆಲ್ಲಗೆ ಕೆಳಗೆ ಜಾರಿದಳು. ಹೊರಗಿನವರಿಗೆ ತನ್ನ ತಲೆ ಕಾಣಬಾರದು. ಶಾಲೆಗೆ ಹೋಗುವ ಹುಡುಗಿಯರು ರಸ್ತೆಯಲ್ಲೇ ಇದ್ದರು. ಅವರಲ್ಲಿ ಅವಳ ಕ್ಲಾಸಿನ ಲಕ್ಕಿಯೂ ಇದ್ದಳು.

ಅಪ್ಪ ತಿಮ್ಮನ ಕಾರು ತುಂಬ ಹಳೆಯದು. ಕಪ್ಪು ಬಣ್ಣ, ಅಗಲ ಮೂತಿ. ತೆಂಗಿನಗುಂಡಿಯವರೆಲ್ಲ ಅದನ್ನು ಎಮ್ಮೆ ಎಂದೇ ಕರೆಯುತ್ತಿದ್ದರು. ಆದರೆ ನಿಜವಾದ ಎಮ್ಮೆಗೆ ನೀರು ಕಂಡರೆ ಖುಷಿ. ಈ ಎಮ್ಮೆಗೆ ನೀರು ಆಗುವುದಿಲ್ಲ. ದೋಣಿಗಳು ನಿಲ್ಲುವ ದಕ್ಕೆಯ ಪಕ್ಕದಲ್ಲೇ ಅದರ ಚಪ್ಪರ. ಮಳೆಗಾಲದಲ್ಲಿ ಉಪ್ಪು ಗಾಳಿ ರಾತ್ರಿಯೆಲ್ಲ ಅದರ ಮೇಲೆ ಬೀಸುತ್ತಿತ್ತು. ಬೆಳಿಗ್ಗೆ ಕೀ ಹಾಕಿದರೆ ಬರೀ ಟಿಕ್.

ಬಲೆ ಸರಿಮಾಡುತ್ತಿದ್ದ ಮಾಬ್ಲಜ್ಜ ಎದ್ದು ಬಂದ. ಹಿಂದೆಯೇ ದಾಸ, ಸುಬ್ಬ ಬಂದರು. ಮೂವರೂ ಕಾರಿನ ಬೆನ್ನಿಗೆ ಕೈ ಕೊಟ್ಟರು. ದೋಣಿ ತಳ್ಳಿ ರೂಢಿಯಾದವರು. ಸುಮ್ಮನೆ ತಳ್ಳಲು ಅವರಿಗೆ ಬರುತ್ತಿರಲಿಲ್ಲ.

"ಐಲೇಸಾ! ಇನ್ನೊಂದ್ಸಲ ಐಲೇಸಾ!"

ಎಮ್ಮೆ ಇಳಿಜಾರಿನಲ್ಲಿ ಉರುಳಿತು. ಕೆಮ್ಮಿತು. ಕೊನೆಗೆ ಎಚ್ಚರವಾಯಿತು.

"ಕಮಲೀ," ಲಕ್ಕಿ ಕಿಟಕಿಯ ಹತ್ತಿರವೇ ಓಡುತ್ತ ಬಂದು ಕೂಗಿದಳು, "ನಿಮ್ಮ ದೋಣಿ ಎಷ್ಟು ಮೀನು ತಂತೇ?"

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಅಡಗಿ ಕೂತದ್ದೂ ದಂಡವಾಯಿತು.

ಮಾಬ್ಲಜ್ಜ ಮಾತ್ರ ಏನೂ ಆಗದವನಂತೆ ಸೊಂಟದಿಂದ ತನ್ನ ತಗಡಿನ ಡಬ್ಬಿ ತೆಗೆದ. ಅದರ ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿತ್ತು. ಪಟ್ಟಿ ಸರಿಸಿ, ಬೀಡಿ ಕಡ್ಡಿಪೆಟ್ಟಿಗೆ ತೆಗೆದು, ಒಂದೇ ಗೀರಿಗೆ ಹೊತ್ತಿಸಿಕೊಂಡ. ಒಮ್ಮೆ ಆ ಡಬ್ಬಿ ಸಮುದ್ರಕ್ಕೇ ಬಿದ್ದಿತ್ತಂತೆ. ಆಗಲೂ ಒಳಗಿನ ಕಡ್ಡಿ ಒದ್ದೆಯಾಗಿರಲಿಲ್ಲವಂತೆ. ಊರಿನ ಮಕ್ಕಳಿಗೆಲ್ಲ ಆ ಕತೆ ಬಾಯಿಪಾಠ.

ಅವತ್ತು ಶಾಲೆಯಲ್ಲಿ ಮಹಾಲಕ್ಷ್ಮೀ ಅಕ್ಕೋರು ಒಂದು ಸುದ್ದಿ ಹೇಳಿದರು. ಶನಿವಾರ ಕುಮಟೆಯಲ್ಲಿ ಹಾಡಿನ ಸ್ಪರ್ಧೆ. ಐದು ಹುಡುಗಿಯರ ಗುಂಪು ಹಾಡು. ಕಮಲಿ, ಲಕ್ಕಿ ಇಬ್ಬರೂ ಗುಂಪಿನಲ್ಲಿದ್ದರು.

"ಆದರೆ ನಮ್ಮದೇ ಮೊದಲನೇ ಹಾಡು," ಅಕ್ಕೋರು ಹೇಳಿದರು. "ಬಸ್ಸಿಗೆ ಕಾದರೆ ನಾವು ಮುಟ್ಟುವಷ್ಟರಲ್ಲಿ ನಮ್ಮ ಹೆಸರು ಕರೆದು ಮುಗಿದಿರ್ತದೆ. ಭಟ್ಕಳದಿಂದ ಬಾಡಿಗೆ ಗಾಡಿ ಹೇಳ್ಬೇಕು."

"ನಮ್ಮ ಕಾರು ಉಂಟು, ಅಕ್ಕೋರೇ." ಕಮಲಿ ಎದ್ದು ನಿಂತಾಗಿತ್ತು.

ಕ್ಲಾಸಿಗೆ ಕ್ಲಾಸೇ ನಕ್ಕಿತು.

"ಅಕ್ಕೋರೇ, ಕುಮಟೆ ತನಕ ತಳ್ಳೂಕೆ ಯಾರು ಬತ್ರು?" ಲಕ್ಕಿ ಕೇಳಿದಳು.

"ಯಾರೂ ತಳ್ಳೂದು ಬ್ಯಾಡ. ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತದೆ."

ಅಕ್ಕೋರು ಕಮಲಿಯ ಮುಖವನ್ನೇ ನೋಡಿದರು. "ಖಂಡಿತ? ನಿನ್ನ ಮಾತು ನಂಬಿ ನಾನು ಬೇರೆ ಗಾಡಿ ಹೇಳೂದಿಲ್ಲ, ನೋಡು."

"ಖಂಡಿತ ಅಕ್ಕೋರೇ" ಎಂದಳು ಕಮಲಿ. ಕೂತ ಮೇಲೆ ಲೆಕ್ಕ ಹಾಕಿದಳು. ಕಾರು ಟಿಕ್ ಅಂದರೆ? ಐದು ಜನರ ಹಾಡು ಹೋಯಿತು. ಅಕ್ಕೋರು ಇನ್ನು ತನ್ನ ಮಾತು ನಂಬುವುದಿಲ್ಲ. ಲಕ್ಕಿಯಂತೂ ಏಳನೇ ಕ್ಲಾಸಿನ ತನಕ ಇದನ್ನೇ ಹೇಳುತ್ತಾಳೆ.

ಸಂಜೆ ಮನೆಗೆ ಬಂದಾಗ ಅಪ್ಪ ಸ್ಟಾರ್ಟರ್ ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದ. ಹಲಸಿನ ಬೇಳೆ ತುಂಬಿದ ಡಬ್ಬದಷ್ಟು ದಪ್ಪಗಿನ ಮೋಟರು. ಕೀ ತಿರುಗಿಸಿದಾಗ ಇಂಜಿನ್ನನ್ನು ಗರ್ರನೆ ತಿರುಗಿಸಿ ಎಬ್ಬಿಸುವುದು ಅದರ ಕೆಲಸ. ಅಪ್ಪ ಅದನ್ನು ಓರೆ ಮಾಡಿದಾಗ ಕಂದು ನೀರು ತೊಟ್ಟಿಕ್ಕಿತು.

"ಉಪ್ಪು ತಿಂದು ತಿಂದು ಒಳಗೆಲ್ಲ ಹೋಯ್ತು. ರಿಪೇರಿ ಮಾಡಿ ಪ್ರಯೋಜನ ಇಲ್ಲ. ಬೇರೆದೇ ಹಾಕ್ಬೇಕು. ಹಬ್ಬ ಕಳೀಲಿ, ನೋಡ್ವ."

"ಅಪ್ಪ, ಶನಿವಾರಕ್ಕೆ ಬೇಕು."

ಕಮಲಿ ಎಲ್ಲ ಹೇಳಿದಳು. ಅಪ್ಪ ಗ್ರೀಸಿನ ಕೈಯಲ್ಲೇ ತಲೆ ಕೆರೆದುಕೊಂಡ.

"ಯಾರನ್ನ ಕೇಳಿ ಮಾತು ಕೊಟ್ಟೆ?"

"ನಾ ಹೇಳಿದ್ದಲ್ಲ ಅಪ್ಪ. ಬಾಯಿ ಹೇಳ್ತು."

ಅಪ್ಪನಿಗೆ ನಗು ಬಂತು. ಆದರೂ ತಡೆದುಕೊಂಡ. "ಹಾಂಗಾದ್ರೆ ನಾಳೆಯೇ ಭಟ್ಕಳಕ್ಕೆ ಹೋಗ್ವ. ನಾಡಿದ್ದು ಶುಕ್ರವಾರ, ಸ್ಪೇರ್ ಪಾರ್ಟ್ ಸಾಹೇಬ್ರ ಅಂಗಡಿ ಬಾಗಿಲು ಹಾಕಿರ್ತದೆ."

ಮರುದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಬಸ್ಸಿನಲ್ಲಿ ಹೋದರು. ಇಸ್ಮಾಯಿಲ್ ಸಾಹೇಬರ ಬಿಡಿಭಾಗಗಳ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಒಳಗಿದ್ದ ಮಗನಿಗೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿದರು. ಅವನು ಎರಡು ಮೋಟರು ತಂದು ಮೇಜಿನ ಮೇಲಿಟ್ಟ.

ಒಂದು ಹೊಚ್ಚ ಹೊಸದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಯಾವುದೋ ಗಾಡಿಯಿಂದ ಬಿಚ್ಚಿ ಸರಿಮಾಡಿದ್ದು. ಮೈಯೆಲ್ಲ ಗೀಚು, ಮಸಿಯ ಬಣ್ಣ, ಭಾರ ಬೇರೆ.

"ಎರಡೂ ನಿಮ್ಮ ಗಾಡಿಗೆ ಕೂತ್ಕೊಳ್ತದೆ ತಿಮ್ಮ. ರೇಟೂ ಹೆಚ್ಚು ಕಮ್ಮಿ ಒಂದೇ."

"ಇದೇ ಅಪ್ಪ, ಇದೇ." ಕಮಲಿ ಹೊಳೆಯುವುದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು. ಲಕ್ಕಿಗೆ ಬಾನೆಟ್ ಎತ್ತಿ ತೋರಿಸುವುದೆಂದು ಆಗಲೇ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

"ಗಾಡಿ ನಿಲ್ಲೂದೆಲ್ಲಿ?" ಸಾಹೇಬರು ಕೇಳಿದರು.

"ಮತ್ತೆಲ್ಲಿ ಸಾಹೇಬ್ರೆ, ದಕ್ಕೆ ಹತ್ರ."

"ಹಾಂಗಾದ್ರೆ ತಿರುಗಿಸಿ ಮುರುಗಿಸಿ ನೋಡಿ ತಕ್ಕೊಳ್ಳಿ. ಅವಸರ ಎಂತ ಇಲ್ಲ."

ಕಮಲಿ ಮೋಟರನ್ನು ತಿರುಗಿಸಿದಳು. ಬಾಲದ ಕಡೆ ಉದ್ದುದ್ದ ಕಿಂಡಿಗಳಿದ್ದವು. ಬೆರಳು ತೂರಿದರೆ ಒಳಗಿನ ತಾಮ್ರದ ತಂತಿ ತಾಗಿತು.

"ಇಲ್ಲಿಂದ ನೀರು ಹೋಗುದಿಲ್ವಾ?"

"ಅದು ಗಾಳಿ ಆಡ್ಲಿ ಅಂತ ಬಿಟ್ಟದ್ದು ಮಗಾ. ಘಟ್ಟದ ಮೇಲಿನ ಗಾಡಿಗೆ ಅದು ಒಳ್ಳೇದು."

ಕಮಲಿ ಇನ್ನೊಂದನ್ನು ನೋಡಿದಳು. ಅದಕ್ಕೂ ಕಿಂಡಿಗಳಿದ್ದವು. ಆದರೆ ಅವುಗಳ ಮೇಲೆ ಸುತ್ತಲೂ ತಗಡಿನ ಪಟ್ಟಿ ಬಿಗಿದಿತ್ತು. ಪಟ್ಟಿಯ ಅಡಿಯಿಂದ ಕಪ್ಪು ರಬ್ಬರು ಇಣುಕುತ್ತಿತ್ತು. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ?

"ಅಪ್ಪ! ಮಾಬ್ಲಜ್ಜನ ಬೀಡಿ ಡಬ್ಬಿ!"

ಅಪ್ಪ ಬಗ್ಗಿ ನೋಡಿದ. ಪಟ್ಟಿಯ ಮೇಲೆ ಉಗುರು ಎಳೆದು ನೋಡಿದ. "ಹೌದಲೇ" ಎಂದ.

"ನೀರು ಹೊಯ್ದು ನೋಡ್ವನಾ?" ಕಮಲಿ ಕೇಳಿದಳು.

ಸಾಹೇಬರು ಒಳಗೆ ಹೋದರು. ನಂತರ ಕುಡಿಯುವ ನೀರಿನ ಹೂಜಿಯನ್ನೇ ತಂದು ಪಟ್ಟಿಯ ಮೇಲೆ ಸುರಿದರು. "ನನ್ನ ಅಂಗಡಿಯಲ್ಲಿ ಹೀಂಗೆ ಕೇಳ್ದವ್ರಲ್ಲಿ ನೀನೇ ಮೊದಲು." ಬಟ್ಟೆಯಿಂದ ಒರೆಸಿ ಪಟ್ಟಿ ಸಡಿಲಿಸಿದರು. ಕಮಲಿ ಕಿರುಬೆರಳು ಒಳಗೆ ಹಾಕಿ ಸವರಿದಳು.

ಬೆರಳಿಗೆ ಒಂದು ಹನಿಯೂ ತಾಗಲಿಲ್ಲ.

ಹೊಳೆಯುವ ಮೋಟರನ್ನು ಕೊನೆಗೊಮ್ಮೆ ನೋಡಿ, "ಗೀಚಿದ್ದೇ ಇರ್ಲಿ ಅಪ್ಪ" ಎಂದಳು.

ಶುಕ್ರವಾರ ಅಪ್ಪ ಅದನ್ನು ಕೂರಿಸಿದ. ರಾತ್ರಿಯಿಡೀ ಮಳೆ ಹೊಯ್ಯಿತು. ಶನಿವಾರ ಬೆಳಿಗ್ಗೆ ಅಕ್ಕೋರು ಕೊಡೆ ಮಡಚಿ ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಐದು ಹುಡುಗಿಯರು ಒತ್ತಿಕೊಂಡು ಕೂತರು.

"ನನ್ನ ಜಡೆ ನಿನ್ನ ಅಡಿಗೆ ಸಿಕ್ಕಿತ್ತೇ, ಏಳು" ಎಂದು ಲಕ್ಕಿ ಗೊಣಗಿದಳು.

ಕಮಲಿಗೆ ಅದು ಕೇಳಿಸಲಿಲ್ಲ. ಅವಳು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದಳು. ಯಾರೂ ಕರೆಯದಿದ್ದರೂ ಮಾಬ್ಲಜ್ಜ, ದಾಸ, ಸುಬ್ಬ ಮಳೆಯಲ್ಲೇ ಬಂದು ಕಾರಿಗೆ ಕೈ ಕೊಟ್ಟು ನಿಂತಿದ್ದರು.

ಅಪ್ಪ ಕೀ ತಿರುಗಿಸಿದ.

ಗರ್ರ್‌ರ್!

ಎಮ್ಮೆ ಒಂದೇ ಸಲಕ್ಕೆ ಎದ್ದಿತು, ಎದ್ದು ಹೊರಟೇಬಿಟ್ಟಿತು. ತಳ್ಳಲು ಮೈಭಾರ ಬಿಟ್ಟಿದ್ದ ದಾಸ ಮುಗ್ಗರಿಸಿ ಮರಳಿನಲ್ಲಿ ಮಂಡಿಯೂರಿದ. ಸುಬ್ಬ ಹೊಟ್ಟೆ ಹಿಡಿದು ನಕ್ಕ. ಕಾರಿನ ಒಳಗೂ ಚಪ್ಪಾಳೆ. "ಹೌದೇ ಮಾರಾಯ್ತಿ, ಎದ್ದೇಬಿಡ್ತು" ಎಂದಳು ಲಕ್ಕಿ.

ಮಾಬ್ಲಜ್ಜ ಮಾತ್ರ ನಿಂತಲ್ಲೇ ನಿಂತಿದ್ದ. ಅವನ ಎರಡೂ ಅಂಗೈ ಇನ್ನೂ ಮುಂದಕ್ಕೆ ಚಾಚಿಯೇ ಇದ್ದವು. ಅಲ್ಲಿ ಈಗ ಬರೀ ಮಳೆ ಇತ್ತು. ತಿರುವು ಬರುವ ತನಕ ಕಮಲಿ ಆ ಕೈಗಳನ್ನೇ ನೋಡಿದಳು.

ಅವರು ಮುಟ್ಟಿದಾಗ ಕುಮಟೆಯಲ್ಲಿ ಇನ್ನೂ ಬೆಂಚು ಜೋಡಿಸುತ್ತಿದ್ದರು. ಹಾಡಿಗೆ ಎರಡನೇ ಬಹುಮಾನ ಬಂತು. ಐದೂ ಜನರಿಗೆ ಒಂದೊಂದು ಸೋಪಿನ ಡಬ್ಬಿ. ವಾಪಸ್ಸು ಬರುತ್ತ ಹೊನ್ನಾವರದ ಸೇತುವೆ ದಾಟುವಾಗ ಗಂಟಲು ಹರಿಯುವ ಹಾಗೆ ಮತ್ತೆ ಅದನ್ನೇ ಹಾಡಿದರು. ಅಕ್ಕೋರು ಕಿವಿ ಮುಚ್ಚಿಕೊಂಡರು.

ಸಂಜೆ ತೆಂಗಿನಗುಂಡಿ ಮುಟ್ಟಿದಾಗ ಮಳೆ ಬಿಟ್ಟಿತ್ತು. ದೋಣಿ ಆಗಷ್ಟೇ ದಡಕ್ಕೆ ಬಂದಿತ್ತು. ಮಾಬ್ಲಜ್ಜ ಮತ್ತು ದಾಸ ಅದನ್ನು ಮೇಲಕ್ಕೆ ತಳ್ಳುತ್ತಿದ್ದರು. ಸುಬ್ಬ ನೆಂಟರ ಮನೆಗೆಂದು ಕಾಗಾಲಕ್ಕೆ ಹೋಗಿದ್ದ. ಇಬ್ಬರ ಬಲಕ್ಕೆ ದೋಣಿ ಅಲುಗಲಿಲ್ಲ. ಇಷ್ಟು ವರ್ಷ ಕಮಲಿ ಇದನ್ನು ದಿನಾ ನೋಡಿದ್ದಳು. ನೋಡಿ ಮನೆಯೊಳಗೆ ಹೋಗುತ್ತಿದ್ದಳು.

ಅವಳು ಸೋಪಿನ ಡಬ್ಬಿಯನ್ನು ಸೀಟಿನ ಮೇಲಿಟ್ಟಳು. ಚಪ್ಪಲಿ ಬಿಟ್ಟು ಕೆಳಗೆ ಓಡಿದಳು.

"ಎಂತ ಅಜ್ಜ, ನಿಮ್ಮ ದೋಣಿ ಸ್ಟಾರ್ಟ್ ಆಗ್ಲಿಲ್ವಾ?"

"ಇಲ್ಲ ಮಗಾ," ಮಾಬ್ಲಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕ. "ಇದಕ್ಕೆ ಭಟ್ಕಳದಲ್ಲೂ ಸ್ಟಾರ್ಟರ್ ಸಿಕ್ಕೂದಿಲ್ಲ."

ಕಮಲಿ ಅವನ ಕೈಯ ಪಕ್ಕದಲ್ಲೇ ತನ್ನ ಕೈ ಇಟ್ಟಳು. ದೋಣಿಯ ಮೈ ಒದ್ದೆಯಾಗಿ ತಣ್ಣಗಿತ್ತು. ಅವಳ ಹಿಂದೆ ಅಪ್ಪನ ಹೆಜ್ಜೆ ಕೇಳಿಸಿತು. ಅದರ ಹಿಂದೆ ಇನ್ನೊಂದು ಜೊತೆ ಪುಟ್ಟ ಹೆಜ್ಜೆ.

"ಸ್ವಲ್ಪ ಸರೀಯೇ, ನಂಗೂ ಜಾಗ ಬೇಕು" ಎಂದಳು ಲಕ್ಕಿ.

ಹಾಡಿ ಹಾಡಿ ಕಮಲಿಯ ಗಂಟಲು ಒಡೆದಿತ್ತು. ಆದರೂ ಅವಳೇ ಮೊದಲು ಕೂಗಿದಳು.

"ಐಲೇಸಾ!"

ದೋಣಿ ಒಂದು ಮೊಳ ಮೇಲಕ್ಕೆ ಬಂತು.