ಕಲ್ಲಾಮೆಯ ಮುದ್ರೆ

ಬೆಟ್ಟಗಳೂ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ ನಾಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದವರ ಹೆಸರುಗಳನ್ನೆಲ್ಲ ತುಂಡುಮಾಡಿ ಮೂರು ಗವಿಗಳಲ್ಲಿ ಇಡುತ್ತಿದ್ದರು. ಒಂದು ಗವಿ ಕುಸಿದರೂ ಹೆಸರು ಉಳಿಯಲೆಂದು ಪ್ರತಿ ತುಂಡೂ ಎರಡು ಗವಿಗಳಲ್ಲಿರುತ್ತಿತ್ತು. ಯಾವ ತುಂಡು ಎಲ್ಲಿದೆ ಎಂದು ಬಲ್ಲದ್ದು ಅರಮನೆಯ ಕಲ್ಲಾಮೆಯೊಂದೇ. ವರ್ಷದ ಕೊನೆಗೆ ಅದು ನಿದ್ದೆಹೋಗಿ, ಯುಗಾದಿಯ ಬೆಳಿಗ್ಗೆ ಎದ್ದು ಗವಿಗಳನ್ನು ಕೂಗುತ್ತಿತ್ತು. ಮೂರೂ ಓಗೊಟ್ಟ ಮೇಲೆಯೇ ಹೆಸರುಗಳ ಬಾಗಿಲು ತೆರೆದು, ಜನರಿಗೆ ತಮ್ಮವರ ಗುರುತು ಮರಳುತ್ತಿತ್ತು.

ಆ ವರ್ಷ ಆಮೆ ಕೂಗಿತು. ಗವಿಗಳು ಓಗೊಡಲಿಲ್ಲ. ಜನ ಒಬ್ಬರನ್ನೊಬ್ಬರು ಕರೆಯಲಾಗದೆ ಸುಮ್ಮನೆ ನೋಡುತ್ತ ನಿಂತರು. ಆಮೆಯ ಹೊಟ್ಟೆಗೆ ಮುದ್ರೆ ಕೆತ್ತುವ ಕೆಂಚಾಂಬೆಯನ್ನು ಹೆತ್ತ ತಾಯಿಯೇ, “ನೀನು ಯಾರ ಮನೆಯವಳಮ್ಮ?” ಎಂದು ಕೇಳಿದಳು.

ಜಾಲಾಕ್ಷ ಹೊರಗೆ ಮಂತ್ರಿ, ಒಳಗೆ ಮಾಂತ್ರಿಕ. ಅವನು ರಾಜನಿಗೆ ಹೇಳಿದ: “ಮಹಾಪ್ರಭು, ಗವಿಗಳನ್ನು ಬರಿದುಮಾಡಿ ತೊಳೆಸಿಬಿಡಿ. ಆಮೆ ಕೂಡಲೇ ಸರಿಹೋಗುತ್ತದೆ.”

ಆಮೆ ಸರಿಹೋಗುವುದೇನೋ ನಿಜ, ಹೆಸರುಗಳು ಮಾತ್ರ ಇರುವುದಿಲ್ಲ. ಹೆಸರಿಲ್ಲದವರಿಗೆ ಮೊದಲು ಹೆಸರಿಟ್ಟವನೇ ಒಡೆಯ. ಆ ಪಾಪಿಗೆ ಬೇಕಾದದ್ದೂ ಅದೇ.

“ಮಹಾಸ್ವಾಮಿ, ಗವಿಗಳನ್ನೇ ಕೇಳಿ ಬರುತ್ತೇನೆ,” ಎಂದಳು ಕೆಂಚಾಂಬೆ.

“ಹೊತ್ತು ಮುಳುಗುವ ತನಕ ಕಾಯುತ್ತೇನೆ, ತಾಯಿ. ಆಮೇಲೆ ತೊಳೆಸಲೇಬೇಕು,” ಎಂದ ರಾಜ.

ಮೊದಲ ಗವಿಯಲ್ಲಿ ಹುಲಿಯಿತ್ತು. “ಆಮೆಯ ಹೊಟ್ಟೆಯ ಮುದ್ರೆ ನನ್ನ ಹಣೆಯ ಮುದ್ರೆಯಲ್ಲ. ಗುರುತಿಲ್ಲದವರಿಗೆ ನಾನು ಓಗೊಡುವುದಿಲ್ಲ. ಮುದ್ರೆ ಕೆಡಿಸಿದವರು ಯಾರು?” ಎಂದಿತು.

“ನನಗೆ ಹಾಗೆ ಕೆತ್ತೆಂದು ಓಲೆ ಕಳಿಸಿದ ಮಂತ್ರಿ,” ಎಂದಳು. ಹುಲಿ ಹಣೆಯ ಮುದ್ರೆ ತೋರಿಸದೆ ಕಣ್ಣು ಮುಚ್ಚಿತು.

ಎರಡನೆಯ ಗವಿಯ ಸರ್ಪವೂ ಅದನ್ನೇ ಕೇಳಿತು. “ಓಲೆಯಲ್ಲಿ ಹಾಗೇ ಬರೆದಿತ್ತು,” ಎಂದಳು. ಸರ್ಪ ಹೆಡೆ ಮಡಚಿತು.

ಮೂರನೆಯ ಗವಿಯ ದಾರಿಯಲ್ಲಿ ಅವಳು ಅರಮನೆಯ ಓಲೆಯನ್ನು ನೆನೆದಳು. ಪ್ರತಿವರ್ಷ ಓಲೆಯಲ್ಲಿ “ಮುದ್ರೆ ಹೊಸದು ಮಾಡು” ಎಂದಿರುತ್ತಿತ್ತು. ಸವೆದ ಗೆರೆಗಳನ್ನೇ ಆಳವಾಗಿ ತಿದ್ದಬೇಕೆಂದು ಅದರರ್ಥ, ಅವಳಪ್ಪ ಹಾಗೇ ಮಾಡುತ್ತಿದ್ದ. ಈ ವರ್ಷ ಅಪ್ಪನಿರಲಿಲ್ಲ. ಜಾಲಾಕ್ಷ ಮಾತು ತಿರುಚಿ “ಹೊಸ ಮುದ್ರೆ ಮಾಡು” ಎಂದು ಬರೆದಿದ್ದ. ಅವಳಿಗೆ ಅನುಮಾನ ಬಂದಿತ್ತು, ಆದರೆ ಯಾರನ್ನೂ ಕೇಳಲಿಲ್ಲ. ತನ್ನ ಕೈಚಳಕ ತೋರಿಸುವ ಆಸೆಗೆ ಹಳೆಯದನ್ನು ಉಜ್ಜಿಹಾಕಿ ನವಿಲು ಕೆತ್ತಿದ್ದಳು. ಚೆಂದದ ನವಿಲೇ ಅದು, ಇಲ್ಲವೆನ್ನಲಾಗದು.

ಮೂರನೆಯ ಗವಿಯ ಯಾಳಿ ಕೇಳಿತು: “ಮುದ್ರೆ ಕೆಡಿಸಿದವರು ಯಾರು?”

“ನಾನೇ. ಅನುಮಾನವಿದ್ದೂ ಕೇಳದೆ ಕೆಡಿಸಿದವಳು ನಾನೇ.”

ಯಾಳಿ ತಲೆ ಬಾಗಿಸಿತು. ಕೆಂಚಾಂಬೆ ಮೂರೂ ಗವಿಗಳಿಗೆ ಒಂದೇ ಆಗಿದ್ದ ಅದರ ಹಣೆಯ ಮುದ್ರೆಯ ಅಚ್ಚನ್ನು ಮೇಣದಲ್ಲಿ ತೆಗೆದುಕೊಂಡು ಓಡಿದಳು.

ಹೊತ್ತು ಬೆಟ್ಟದ ನೆತ್ತಿಗೆ ತಾಗಿತ್ತು. ಅವಳು ನವಿಲನ್ನು ತಾನೇ ಉಜ್ಜಿ ಅಳಿಸಿದಳು. ಬೆರಳಲ್ಲಿ ರಕ್ತ ಬಂದರೂ ನಿಲ್ಲಿಸದೆ ಅಚ್ಚು ನೋಡಿ ಹಳೆಯ ಮುದ್ರೆಯನ್ನೇ ಕೆತ್ತಿದಳು. ಆಮೆ ಮತ್ತೆ ಕೂಗಿತು. ಹುಲಿ ಓಗೊಟ್ಟಿತು, ಸರ್ಪ ಓಗೊಟ್ಟಿತು, ಯಾಳಿ ಓಗೊಟ್ಟಿತು. ಬಾಗಿಲು ತೆರೆಯಿತು. ಹೆಸರುಗಳು ತಮ್ಮ ತಮ್ಮವರನ್ನು ಹುಡುಕಿಕೊಂಡು ಹಾರಿದವು. ಜಾಲಾಕ್ಷ ಬಚ್ಚಿಟ್ಟಿದ್ದ ನಿಜ ಹೆಸರನ್ನು ಆಮೆ ಎಲ್ಲರೆದುರು ಹೇಳಿದ್ದೇ ತಡ, ಅವನು ಮಾಯೆಯೆಲ್ಲ ಕಳಚಿ ಒಣ ತರಗೆಲೆಯಾಗಿ ಗಾಳಿಗೆ ಹಾರಿಹೋದ.

ತಾಯಿ ಬಾಗಿಲಲ್ಲೇ ನಿಂತಿದ್ದಳು. “ಕೆಂಚಾಂಬೆ,” ಎಂದಳು, “ಕೈಯೆಲ್ಲ ರಕ್ತ ಕಣೇ. ಬಾ ಇಲ್ಲಿ.”

ಕೆಂಚಾಂಬೆ ಅವಳ ಹೆಗಲಿಗೆ ಮುಖವಿಟ್ಟು ಅತ್ತಳು. ನಾಮಗಿರಿಯವರು ಬಹುಕಾಲ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತ ಸುಖವಾಗಿ ಬಾಳಿದರು.