ತೊಂಬತ್ತಾರು ಮುಕ್ಕಣ್ಣರು

ಗಾಜಿನ ಪೆಟ್ಟಿಗೆಯ ಮುಂದೆ ಧನಲಕ್ಷ್ಮಿ ನಿಂತು ಬಹಳ ಹೊತ್ತಾಗಿತ್ತು. ಒಳಗೆ ಮೊಳದುದ್ದದ ಹಾಯಿಹಡಗೊಂದು, ಮೂರು ಕೂವೆಮರಗಳ ತುಂಬ ಹಾಯಿ ಬಿಚ್ಚಿಕೊಂಡು, ಈ ಊರಿಗೆ ಎಂದೂ ಬಾರದ ಗಾಳಿಯೊಂದನ್ನು ಕಾಯುತ್ತ ನಿಂತಿತ್ತು. ರಾಮನಗರದ ಆ ಸಭಾಂಗಣದಲ್ಲಿ ಹವ್ಯಾಸಿಗಳ ಪ್ರದರ್ಶನ. ಜನ ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ದಾಟಿ ಬಂದು ಹಡಗಿನ ಮುಂದೆ ಮೊಬೈಲು ಎತ್ತುತ್ತಿದ್ದರು.

ಪೆಟ್ಟಿಗೆಯ ಕೆಳಗೊಂದು ಚೀಟಿ. 'ಇನ್ನೂರು ವರ್ಷ ಹಿಂದಿನ ಯುದ್ಧನೌಕೆಯ ಮಾದರಿ. ಪ್ಲಾಸ್ಟಿಕ್ ಕಿಟ್, ರೇಷ್ಮೆ ದಾರ. ಕಟ್ಟಿದವರು: ಮಹೇಂದ್ರ, ಕನಕಪುರ. ಪೂರ್ಣಗೊಂಡದ್ದು: ಫೆಬ್ರವರಿ.'

ಈಗ ನವೆಂಬರ್. ಹೋದ ಭಾನುವಾರವಷ್ಟೇ ಆ ಮಹೇಂದ್ರ ಚನ್ನಪಟ್ಟಣದಲ್ಲಿ, ಮರದ ಗೊಂಬೆ ಕಡೆಯುವ ಅವಳ ಲೇತಿನ ಪಕ್ಕ ನಿಂತು, "ಹಡಗು ಇನ್ನೂ ಅರ್ಧ ಆಗಿದೆ ಅಷ್ಟೆ, ಧನಲಕ್ಷ್ಮಿಯವರೇ. ಮುಂದಿನ ಭಾನುವಾರ ಬರೋಕಾಗಲ್ಲ, ಸ್ವಲ್ಪ ಕೆಲಸ ಇದೆ" ಎಂದಿದ್ದ.

"ಏನಕ್ಕಾ, ಹಿಂಗ್ ನೋಡ್ತಿದೀಯ? ಗಾಜು ಒಡೆದೋಗ್ತದೆ," ಎಂದಳು ನಿಖಾತ್. ಪಕ್ಕದ ಲೇತಿನವಳು, ವಾಟ್ಸಾಪಿನಲ್ಲಿ ಹಡಗಿನ ಫೋಟೋ ಕಂಡು, ಬಲವಂತವಾಗಿ ಇಲ್ಲಿಗೆ ಕರೆತಂದವಳು ಅವಳೇ. "ನಿನ್ ಹಡಗಿನ್ ಸಾರ್ ಕೈ ಭಾರಿ ಚೆನ್ನಾಗೈತೆ ಬುಡು."

ಹಡಗಿನ ಅಂಚಿನುದ್ದಕ್ಕೂ ಹಗ್ಗಗಳನ್ನು ಬಿಗಿದು ಹಿಡಿದಿದ್ದ ಪುಟ್ಟ ಬಿಲ್ಲೆಗಳನ್ನು ಧನಲಕ್ಷ್ಮಿ ನೋಡುತ್ತಿದ್ದಳು. ಅವರೆಕಾಳಿಗಿಂತ ಚಿಕ್ಕವು; ಒಂದೊಂದಕ್ಕೂ ಮೂರು ತೂತು. ಜನವರಿಯಲ್ಲಿ ಮಹೇಂದ್ರ ಮೊದಲ ಸಲ ಬಂದಾಗ, ಅಂಗೈಯಲ್ಲಿ ಕಿಟ್ಟಿನ ಅಂಥದೊಂದು ಪ್ಲಾಸ್ಟಿಕ್ ಬಿಲ್ಲೆ ಇಟ್ಟುಕೊಂಡು, ಇದನ್ನೇ ಮರದಲ್ಲಿ ಮಾಡಿಕೊಡಬಲ್ಲಿರಾ, ತೊಂಬತ್ತಾರು ಬೇಕು, ಎಂದು ಕೇಳಿದ್ದ. ಅವಳು ಅದನ್ನು ಬೆಳಕಿಗೆ ಹಿಡಿದು, "ಅಯ್ಯೋ, ಮೂರು ಕಣ್ಣವೆ ಇದುಕ್ಕೆ. ಮುಕ್ಕಣ್ಣ!" ಎಂದಿದ್ದಳು. ಅವನು ನಕ್ಕಿದ್ದ. ನಿವೃತ್ತ ನಕ್ಷೆಗಾರ, ಮದುವೆಯಾಗದೆ ಐವತ್ತೊಂಬತ್ತು ದಾಟಿದವನು, ಸಮುದ್ರವನ್ನು ಒಂದೇ ಸಲ ಕಂಡವನು. ನಗುವಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ, ಆ ನಗು ಯಾರಿಗೂ ಕಾಣದಿರಲಿ ಎಂಬಂತೆ.

ಲೇತಿನ ಮೇಲೆ ಸುತ್ತಿ ಹುಟ್ಟಿದ ವಸ್ತುವಿಗೆ ಎಲ್ಲಿ ಶುರು, ಎಲ್ಲಿ ಕೊನೆ ಎಂಬುದಿಲ್ಲ. ಅಚ್ಚಿನಲ್ಲಿ ಹುಟ್ಟಿದ್ದಕ್ಕೆ ಮಾತ್ರ ಎರಡು ಅರ್ಧಗಳು ಕೂಡುವಲ್ಲಿ ಕೂದಲಿನಂಥ ಗೆರೆಯೊಂದು ಉಳಿದುಬಿಡುತ್ತದೆ. ಈ ಹಡಗಿನ ಒಂದೊಂದು ಬಿಲ್ಲೆಯ ಪಕ್ಕದಲ್ಲೂ ಆ ಗೆರೆ ಇತ್ತು.

ಇವು ಅವಳವಲ್ಲ.

ಕಾಫಿ ಲೋಟ ಹಿಡಿದು ಬರುತ್ತಿದ್ದ ಮಹೇಂದ್ರ ಅವಳನ್ನು ಕಂಡು ನಿಂತುಬಿಟ್ಟ.

"ನೀವು... ಇಲ್ಲಿ?"

"ಯಾಕೆ, ಬರಬಾರ್ದಿತ್ತಾ?"

"ಹಾಗಲ್ಲ..."

"ನನ್ ಮುಕ್ಕಣ್ಣ ಎಲ್ಲವೆ?"

ಅವನು ಹಡಗನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ಲೋಟದೊಳಗೆ ನೋಡಿದ.

"ಇವು ಅಚ್ಚಿನವು. ಪಕ್ಕದಾಗೆ ಗೆರೆ ಐತೆ. ಗಾಜಿನ ಈಚೆಯಿಂದ್ಲೂ ಕಾಣ್ತೈತೆ ನಂಗೆ."

ಆಡಿದ ಮಾತು ಅವಳಿಗೇ ಬೇರೆಯವರು ಹೇಳಿದಂತೆ ಕೇಳಿಸಿತು. ಹತ್ತು ತಿಂಗಳು, ಪ್ರತಿ ಭಾನುವಾರ, ಇದೇ ಮನುಷ್ಯ ಅವಳ ಬಿಲ್ಲೆಗಳನ್ನು ಕಣ್ಣಿನ ಹತ್ತಿರ ಹಿಡಿದು ಹೇಳಿದ್ದ: ಒಂದು ಕೂದಲು ದಪ್ಪವಾಯಿತು. ತೂತು ಒಂದಿಷ್ಟು ಜರುಗಿದೆ. ಅರಗು ಹೆಚ್ಚಾಯಿತು. ಪರವಾಗಿಲ್ಲ, ಇವು ಅಳತೆಗೆ ಇರಲಿ, ಇನ್ನು ಎರಡು ಮಾಡಿ.

"ನನ್ ಕಣ್ಣು ಚೆನ್ನಾಗೈತೆ," ಎಂದಳು ನಿಧಾನವಾಗಿ. "ಚೆನ್ನಾಗೇ ಐತೆ. ಹಂಗಾದ್ರೆ ನೀವು ಹೇಳಿದ್ದೆಲ್ಲ ಏನು ಸಾರ್?"

"ಒಂದೂ ಕೆಟ್ಟಿರಲಿಲ್ಲ."

"ಮತ್ತೆ?"

"ಸರಿಯಾಗಿದೆ ಅಂದುಬಿಟ್ಟಿದ್ರೆ ಕೆಲಸ ಮುಗಿದುಹೋಗ್ತಿತ್ತು." ಅವನ ದನಿ ತೀರ ತಗ್ಗಿತ್ತು. "ಮುಗಿದ ಮೇಲೆ ಯಾವ ನೆಪದಲ್ಲಿ ಬರಲಿ?"

ನಿಖಾತ್ ಬಾಯಿಗೆ ಸೆರಗು ಒತ್ತಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕರಗುತ್ತಿದ್ದರೇನೋ. ಧನಲಕ್ಷ್ಮಿಯ ಕಿವಿಯಲ್ಲಿ ರಕ್ತ ಮೊರೆಯಿತು.

"ಬರೋದುಕ್ಕೆ ನೆಪ ಬೇಕಿತ್ತಾ? ಬಾಗ್ಲು ಇರ್ನಿಲ್ವಾ? ನನ್ ಕೈಯ್ಯೇ ಸಿಕ್ಕಿದ್ದಾ ನಿಮ್ಗೆ? ನಾಳೆ ಲೇತು ಮಾರ್ತಾ ಇದೀನಿ, ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಕಾಫಿ ತುಳುಕಿ ಅಂಗಿಯ ಮೇಲೆ ಚೆಲ್ಲಿತು, ಅವನು ಒರೆಸಿಕೊಳ್ಳಲಿಲ್ಲ.

"ನಲವತ್ತೆಂಟಕ್ಕೇ ಕೈ ಹೋಯ್ತು ಅಂದ್ಕಂಡೆ. ಡಾಕ್ಟ್ರು ಕಣ್ಣು ಸರಿಯಾಗೈತಮ್ಮ ಅಂದ್ರು, ನಂಬ್ನಿಲ್ಲ. ಡಾಕ್ಟ್ರುನ್ ಬುಟ್ಟು ನಿಮ್ಮುನ್ನ ನಂಬ್ದೆ. ಬಿಡದೀಲಿ ಪ್ಯಾಕಿಂಗ್ ಕೆಲ್ಸುಕ್ಕೆ ಹೆಸ್ರು ಕೊಟ್ಟು ಬಂದಿವ್ನಿ. ನಮ್ಮಪ್ಪ ಲಿಂಗಯ್ಯ ಕಲಿಸ್ಕೊಟ್ಟಿದ್ದ ಕೈ ಇದು. ಗಂಡ ಹೋದ್ಮೇಲೆ ಹದಿನಾರು ವರ್ಷ ಅನ್ನ ಹಾಕಿದ್ ಕೈ. ಇದುನ್ನ ಕೆಟ್ಟೋಗೈತೆ ಅಂದ್ಬುಟ್ಟು, ಅದುನ್ನ ಪ್ರೀತಿ ಅಂತ ಹೇಳಾಕ್ ಬರ್ಬೇಡಿ."

ಅವನು ಬಾಯಿ ತೆರೆಯುವ ಮೊದಲೇ ಅವಳು ಬಾಗಿಲು ದಾಟಿದ್ದಳು.

ಮರುದಿನ ಬೆಳಿಗ್ಗೆ ಅವಳು ಲೇತು ಹಚ್ಚಿದಳು. ಆಲೆಮರದ ತುಂಡೊಂದನ್ನು ಸಿಕ್ಕಿಸಿ ಉಳಿ ತಗುಲಿಸಿದಳು. ಕೈ ನಡುಗಿತು, ಮರದ ಮೇಲೆ ಹಲ್ಲಿನ ಗುರುತಿನಂಥ ಗಾಯವಾಯಿತು. ಸುಳ್ಳೆಂದು ಮನಸ್ಸಿಗೆ ತಿಳಿದಿತ್ತು. ಬೆರಳುಗಳಿಗೆ ಇನ್ನೂ ತಿಳಿದಿರಲಿಲ್ಲ. ಅವಳು ಸ್ವಿಚ್ಚು ಆರಿಸಿ, ಮರದ ಪುಡಿಯ ನಡುವೆ ಕುಳಿತಳು. ಒಳಗಿದ್ದದ್ದು ದುಃಖವಲ್ಲ, ಉರಿ.

ಒಂಬತ್ತಕ್ಕೆ, ಬೀದಿಯ ಕೊನೆಯಲ್ಲಿ ದೊಡ್ಡ ಘಟಕ ನಡೆಸುವ ಶೋಯೆಬ್ ಲಗೇಜ್ ಆಟೋ ತಂದು ನಿಲ್ಲಿಸಿದ. "ಬಿಚ್ಚಿಸ್ಲಾ ಅಕ್ಕಾ?"

"ಬಿಚ್ಚಿಸು."

ಅವನು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ. ಆಗಲೇ ಬೀದಿಯ ತಿರುವಿನಲ್ಲಿ ಮಹೇಂದ್ರ ಕಾಣಿಸಿಕೊಂಡ. ಎರಡೂ ತೋಳುಗಳಲ್ಲಿ, ಎಳೆಮಗುವನ್ನು ಹಿಡಿದಂತೆ, ಹಡಗು. ಕನಕಪುರದಿಂದ ಎರಡು ಬಸ್ಸು ಬದಲಿಸಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಅಂಗಿಯ ಮೇಲೆ ನಿನ್ನೆಯ ಕಾಫಿಯ ಕಲೆ ಹಾಗೇ ಇತ್ತು.

"ಇವತ್ತು ಭಾನುವಾರ ಅಲ್ವಲ್ಲ ಸಾರ್," ಎಂದಳು ನಿಖಾತ್ ತನ್ನ ಬಾಗಿಲಿಂದ.

ಅವನು ಹಡಗನ್ನು ಧನಲಕ್ಷ್ಮಿಯ ಕೆಲಸದ ಹಲಗೆಯ ಮೇಲೆ ಇಟ್ಟ. ಜೇಬಿನಿಂದ ಚಿಕ್ಕ ಕತ್ತರಿಯೊಂದನ್ನು ತೆಗೆದು, ಕನ್ನಡಕ ಸರಿಪಡಿಸಿಕೊಂಡು, ಮೊದಲ ಹಗ್ಗವನ್ನು ಕತ್ತರಿಸಿದ.

ಟಕ್.

ಪ್ಲಾಸ್ಟಿಕ್ ಬಿಲ್ಲೆಯೊಂದು ಹಲಗೆಯ ಮೇಲೆ ಬಿದ್ದು ಉರುಳಿತು. ಎರಡನೆಯದು. ಮೂರನೆಯದು. ಜೇನುಮೇಣ ಸವರಿ, ಒಂದೊಂದು ಗಂಟನ್ನೂ ಚಿಮುಟದಲ್ಲಿ ಹಿಡಿದು ಕಟ್ಟಿದ್ದ ರೇಷ್ಮೆ ದಾರಗಳು ಸಡಿಲಗೊಂಡು ಜೋತವು. ಮುಂದಿನ ಕೂವೆಮರ ಒಂದು ಬದಿಗೆ ವಾಲಿತು.

"ಅಲ್ಲಾ! ವರ್ಷದ ಕೆಲ್ಸ ಅಲ್ವಾ ಸಾರ್ ಅದು!" ನಿಖಾತ್ ಓಡಿಬಂದಳು.

"ಅವರದ್ದೂ ವರ್ಷದ ಕೆಲಸವೇ ಅಲ್ವಾ, ನಿಖಾತಮ್ಮ," ಎಂದ, ತಲೆಯೆತ್ತದೆ.

ಧನಲಕ್ಷ್ಮಿ ಅವನನ್ನು ತಡೆಯಲಿಲ್ಲ. ತೊಂಬತ್ತಾರೂ ಬೀಳುವವರೆಗೆ, ಕೈಕಟ್ಟಿ ನಿಂತು ನೋಡಿದಳು. ಬೀದಿಯ ನಾಲ್ಕಾರು ಲೇತುಗಳು ನಿಂತುಹೋಗಿದ್ದವು.

ಆಮೇಲೆ ಅವನು ಚೀಲದಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಅವಳ ಮುಂದಿಟ್ಟ. ಒಳಗೆ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು. ಪ್ರತಿಯೊಂದರ ಮೇಲೂ ನಕ್ಷೆಗಾರನ ನೆಟ್ಟಗಿನ ಅಕ್ಷರಗಳಲ್ಲಿ ತಾರೀಕು, ಅದರ ಕೆಳಗೆ ಬಿಲ್ಲೆಗಳ ಎಣಿಕೆ, ಜೊತೆಗೊಂದು ಸಾಲು. ಅವಳು ಒಂದನ್ನೆತ್ತಿ ಓದಿದಳು. 'ಎರಡು. ಇವತ್ತು ಮುಡಿಯಲ್ಲಿ ಕನಕಾಂಬರದ ಜೊತೆ ಮರದ ಪುಡಿ.' ಇನ್ನೊಂದು: 'ಮೂರು. ನಿಖಾತಮ್ಮನ ಜೊತೆ ಜಗಳ. ಕೋಪದಲ್ಲಿ ಉಳಿ ಇನ್ನೂ ನಯವಾಗಿ ಓಡಿತು.' ಮತ್ತೊಂದು: 'ಎರಡು. ಜುಲೈಯಿಂದ ನಕ್ಕಿಲ್ಲ.'

ಆ ಕೊನೆಯ ಪೊಟ್ಟಣವನ್ನು ಅವಳು ಅವನ ಮುಖದ ಮುಂದೆ ಹಿಡಿದಳು.

"ನಕ್ಕಿಲ್ಲ ಅಂತ ಬರ್ಕಂಡಿದೀರಿ. ಯಾಕ್ ನಗ್ತಿಲ್ಲ ಅಂತ ಒಂದ್ ದಪ ಕೇಳಾಕೇನಾಗಿತ್ತು?"

"ಕೇಳಬೇಕಿತ್ತು."

"ನಗು ನಿಂತಿದ್ದು ನಿಮ್ ಮಾತಿಂದ್ಲೇ."

"ನಿನ್ನೆ ಗೊತ್ತಾಯ್ತು. ನೆಪವೇ ಇಲ್ಲದೆ ಬಂದಿದ್ರೆ ನೀವು ಬಾಗಿಲು ಹಾಕಿಕೊಂಡುಬಿಡ್ತೀರಿ ಅಂತ ಹೆದರಿಕೆ. ಆ ಹೆದರಿಕೆಗೆ ನಿಮ್ಮ ಕೈಯನ್ನ ಬಲಿ ಕೊಟ್ಟೆ. ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ಇವು ನಿಮ್ಮವು, ಕೊಡೋಕೆ ಬಂದೆ."

ಅವಳು ಪೊಟ್ಟಣಗಳನ್ನೆಲ್ಲ ಬಿಚ್ಚಿ ಹಲಗೆಯ ಮೇಲೆ ಸುರಿದಳು. ಕಂದು ಅರಗಿನ, ತಾಳೆಗರಿಯಲ್ಲಿ ಉಜ್ಜಿ ಹೊಳಪೇರಿಸಿದ ಪುಟ್ಟ ಮುಕ್ಕಣ್ಣರು ಬೆಳಗಿನ ಬಿಸಿಲಲ್ಲಿ ಉರುಳಾಡಿದರು. ಒಂದೊಂದನ್ನೇ ಎರಡು ಬೆರಳಲ್ಲಿ ತಿರುಗಿಸಿ ನೋಡತೊಡಗಿದಳು. ಮೊದಲು ಸಿಟ್ಟಿನಿಂದ, ಆಮೇಲೆ ಸಿಟ್ಟು ಮರೆತು, ಕೊನೆಗೆ ಬೇರೆಯೇ ಒಂದು ಸಿಟ್ಟಿನಿಂದ. ತೊಂಬತ್ತೆಂಟು ಇದ್ದವು. ಐದನ್ನು ಎತ್ತಿ ಮೂಲೆಗೆ ಎಸೆದಳು.

"ಯಾಕೆ? ಚೆನ್ನಾಗಿದ್ವಲ್ಲ!" ಎಂದ ಮಹೇಂದ್ರ ಗಾಬರಿಯಿಂದ.

"ಚೆನ್ನಾಗಿದ್ವಾ? ಕಣ್ಣು ಓರೆ ಅವುಕ್ಕೆ. ಅವತ್ತು ನೀವ್ ಹೇಳಿದ್ದು ಬಣ್ಣ ಜಾಸ್ತಿ ಅಂತ. ನಿಜವಾಗ್ಲೂ ಕೆಟ್ಟಿದ್ದು ಕಣ್ ಮುಂದಿದ್ರೂ ಕಾಣ್ನಿಲ್ಲ. ತಪ್ಪು ಹುಡ್ಕೋಕೂ ಬರಾಕಿಲ್ಲ ನಿಮ್ಗೆ!"

ನಿಖಾತ್ ಕಿಸಕ್ಕನೆ ನಕ್ಕಳು. ಆಗ ಧನಲಕ್ಷ್ಮಿ ತನ್ನ ಕೈಗಳತ್ತ ನೋಡಿಕೊಂಡಳು. ಅವು ನಡುಗುತ್ತಿರಲಿಲ್ಲ.

"ಶೋಯೆಬ್, ಬೋಲ್ಟು ವಾಪಸ್ ಹಾಕಪ್ಪ. ಲೇತು ಕೊಡಾಕಿಲ್ಲ."

"ಆಟೋ ತಂದಿವ್ನಲ್ಲ ಅಕ್ಕಾ!"

"ಆಟೋ ಬಾಡಿಗೆ ಈ ಸಾರ್ ಕೊಡ್ತಾರೆ."

ಮಹೇಂದ್ರ ಆತುರದಿಂದ ತಲೆಯಾಡಿಸಿದ. ಶೋಯೆಬ್ ಗೊಣಗುತ್ತ ಬೋಲ್ಟು ಬಿಗಿದು ಹೋದ. ಹಗ್ಗ ಕಳಚಿದ ಹಡಗು ಇಬ್ಬರ ನಡುವೆ, ಬಿರುಗಾಳಿ ದಾಟಿ ಬಂದಂತೆ ವಾಲಿಕೊಂಡಿತ್ತು.

"ಈಗ ನೆಪ ಯಾವುದೂ ಇಲ್ಲ," ಎಂದ ಅವನು. ಕನ್ನಡಕ ತೆಗೆಯಲು ಹೋದ ಕೈಯನ್ನು ತಾನೇ ಹಿಡಿದು ನಿಲ್ಲಿಸಿಕೊಂಡು, ಅವಳ ಕಣ್ಣನ್ನೇ ನೋಡಿದ. "ನೀವಿಲ್ಲದ ಆರು ದಿನ ನನಗೆ ವಾರ ಅನ್ನಿಸೋದೇ ಇಲ್ಲ, ಧನಲಕ್ಷ್ಮಿ. ನಿಮ್ಮ ಜೊತೆ ಬಾಳಬೇಕು ಅಂತ ಆಸೆ. ಬೇಡ ಅಂದ್ರೆ ಹಡಗು ಎತ್ತಿಕೊಂಡು ಹೋಗ್ತೀನಿ."

"ಇದುನ್ನ ಹೇಳಾಕೆ ಜನವರಿಯಿಂದ ನವೆಂಬರ್ ಬೇಕಾಯ್ತು," ಎಂದಳು. ಕೋಪ ಇನ್ನೂ ದನಿಯಲ್ಲಿತ್ತು; ಆದರೆ ಅದರ ಅಂಚು ಎಲ್ಲೋ ಸವೆದಿತ್ತು. "ತೊಂಬತ್ಮೂರು ಅವೆ. ಮೂರು ಕಮ್ಮಿ. ಕೂತ್ಕಳಿ."

ಅವನು ಕುಳಿತ. ಹತ್ತು ತಿಂಗಳಲ್ಲಿ ಅಲ್ಲಿ ಅವನು ಕುಳಿತದ್ದು ಅದೇ ಮೊದಲು.

"ಮತ್ತೆ ಕಟ್ಟಾಕೆ ಎಷ್ಟ್ ದಿನ ಹಿಡೀತೈತೆ?"

"ಒಬ್ಬನೇ ಆದ್ರೆ ಏಳೆಂಟು ತಿಂಗಳು."

"ಒಬ್ರನ್ನೇ ಬುಟ್ರೆ ಇನ್ನೊಂದು ನೆಪ ಹುಟ್ಟಿಸ್ಕತೀರಿ. ದಾರ ನೀವು ಹಿಡೀರಿ, ಗಂಟು ನಾನ್ ಹಾಕ್ತೀನಿ."

ಅವಳು ಸ್ವಿಚ್ಚು ಹಾಕಿದಳು. ಆಲೆಮರದ ಕಡ್ಡಿ ಸುತ್ತತೊಡಗಿತು, ಉಳಿ ತಗುಲಿತು, ಹಾಲಿನ ಬಣ್ಣದ ಸುರುಳಿಯೊಂದು ನಡುಗದೆ, ತುಂಡಾಗದೆ ಎದ್ದು ಅವನ ಮೊಣಕಾಲ ಮೇಲೆ ಬಿದ್ದಿತು. ಅರಗಿನ ಕಡ್ಡಿಯನ್ನು ಅವಳು ಸುತ್ತುವ ಮರಕ್ಕೆ ಗಟ್ಟಿಯಾಗಿ ಒತ್ತಿದಳು, ಉಳಿದ ಸಿಟ್ಟನ್ನೆಲ್ಲ ಸೇರಿಸಿ. ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತಿತು.

ಬಿಲ್ಲೆ ಕತ್ತರಿಸಿ, ಮೂರು ಕಣ್ಣು ಕೊರೆದು, ಅವನ ಅಂಗೈಯಲ್ಲಿ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ನೋಡಿ ಹೇಳಿ. ಹೆಂಗೈತೆ?"

ಮಹೇಂದ್ರ ಅದನ್ನು ಕಣ್ಣಿನ ಹತ್ತಿರ ಹಿಡಿದ. ಬೆಳಕಿಗೆ ತಿರುಗಿಸಿದ. ಬಹಳ ಹೊತ್ತು ನೋಡಿದ. ಬೀದಿಯ ಲೇತುಗಳು ಒಂದೊಂದಾಗಿ ಮತ್ತೆ ಶುರುವಾದವು.

"ಸರಿಯಾಗಿದೆ," ಎಂದ.