ಒಂದು ಉಸಿರು ಮುಂಚೆ ಬಂದ ನಗು

ಹ್ಹ!

ಗೋಡೆಯಾಚೆ ಒಂದು ಸಣ್ಣ ನಗು. ಮನೆಯೆಲ್ಲ ಮಲಗಿದ್ದ ಹೊತ್ತು.

ನರ್ಸಮ್ಮನ ಬೆರಳು ರಿಮೋಟಿನ ಮೇಲೇ ನಿಂತಿತು. ಅವಳ ಟಿವಿಯಲ್ಲಿ ದಪ್ಪ ಕನ್ನಡಕದ ನಿರೂಪಕಿ ಇನ್ನೂ ಮಾತು ಮುಗಿಸಿರಲಿಲ್ಲ.

“ಆಸ್ಪತ್ರೆಯಲ್ಲಿ ರೋಗಿಗೆ ಹಾಸಿಗೆ ಇಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಮಾತ್ರ ಕಾಲು ಚಾಚಿ ಮಲಗಿದೆ!”

ನರ್ಸಮ್ಮ ಟವೆಲನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ವಾರ್ಡಿನಲ್ಲಿ ವರ್ಷಗಟ್ಟಲೆ ನುಂಗಿಕೊಂಡ ಮಾತುಗಳನ್ನು ಈ ಹುಡುಗಿ ಎಷ್ಟು ಸಲೀಸಾಗಿ ಆಡುತ್ತಾಳೆ!

ಆದರೆ ಪಕ್ಕದ ಮನೆಯ ಆ ಕಂಡಕ್ಟರ್... ಮಾತು ಮುಗಿಯುವ ಮೊದಲೇ ನಗುವುದೆಂದರೆ ಏನರ್ಥ? ಕದ್ದು ಟಿವಿ ನೋಡುವ ಮುದುಕಿ ಅಂತ ಅಣಕವೇ?

ನರ್ಸುಗಳ ಸಂಬಳದ ವಿಷಯ ಬಂತು. ಅವಳು ಮೈಮರೆತು ವಾಲ್ಯೂಮ್ ಏರಿಸಿಬಿಟ್ಟಳು.

ಬೆಳಿಗ್ಗೆ ಮಗ ತಿಂಡಿಯ ತಟ್ಟೆ ಸರಿಸಿದ. ಅವನಿಗೆ ಆಳುವ ಪಕ್ಷದ ಪ್ರಚಾರ ವಿಭಾಗದಲ್ಲಿ ಕೆಲಸ.

“ಅಮ್ಮ, ರಾತ್ರಿ ನಮ್ಮನೆಯಿಂದ ಆ ಕನ್ನಡಕದವಳ ಧ್ವನಿ ಬರ್ತಿತ್ತಂತೆ. ಆಫೀಸಿಗೇ ಫೋನ್ ಹೋಗಿದೆ.”

“ಯಾರು ಹೇಳಿದ್ದು?”

“ಯಾರಾದ್ರೆ ಏನು? ನೀನು ನೋಡ್ತಿದ್ರೆ ಈಗ್ಲೇ ಹೇಳ್ಬಿಡು. ಟಿವಿ ಹಾಲಿಗೆ ತರ್ತೀನಿ. ನನ್ನ ಕೆಲಸ ಹೋಗುತ್ತಮ್ಮ!”

“ನಾನು ಬೇಗ ಮಲಗ್ತೀನಪ್ಪ.”

ಸುಳ್ಳು ನಾಲಿಗೆಗೆ ಅಂಟಿಕೊಂಡಿತು. ಗೋಡೆಯಾಚೆ ಇರುವುದು ಆ ಕಂಡಕ್ಟರ್ ಒಬ್ಬನೇ. ಅವನಲ್ಲದೆ ಇನ್ಯಾರು? ದಿನಕ್ಕೊಂದು ಗಂಟೆ ತಲೆಯೆತ್ತಿ ಬದುಕುತ್ತಿದ್ದೆ... ಅದನ್ನೂ ಕಿತ್ತುಕೊಂಡನಲ್ಲ!

ಕಂಡಕ್ಟರ್ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಬಸ್ಸಿನ ಕೆಲಸದಿಂದ ನಿವೃತ್ತನಾದರೂ ಕಂಬಿ ಹಿಡಿದು ನಿಲ್ಲುವ ಅಭ್ಯಾಸ ಬಿಟ್ಟಿರಲಿಲ್ಲ.

“ಚಾಡಿ ಹೇಳೋಕೆ ನಾಚಿಕೆ ಆಗಲ್ವಾ ನಿಮಗೆ?”

“ನಾನಾ?” ಅವನ ಮುಖ ಬಿಳಿಚಿತು. “ನರ್ಸಮ್ಮ, ನಾನು ಯಾಕೆ...”

“ಗೋಡೆಗೆ ಕಿವಿ ಇಟ್ಟು ನಗೋರು ಇನ್ನೇನು ಮಾಡಲ್ಲ!”

ಹಿಂದೆ ಬಾಗಿಲು ತೆರೆಯಿತು. ಮಗ!

“ಅಂಕಲ್, ಒಳ್ಳೇದಾಯ್ತು ಸಿಕ್ಕಿದ್ರಿ. ಕೆಳಗಿನ ಮನೆಯವರು ನಮ್ಮ ಮೇಲೆ ದೂರು ಕೊಟ್ಟಿದ್ದಾರೆ. ರಾತ್ರಿ ಆ ಕಾರ್ಯಕ್ರಮದ ಸದ್ದು ಎಲ್ಲಿಂದ ಬರುತ್ತೆ, ನಿಮಗೇನಾದ್ರೂ ಗೊತ್ತಾ?”

ಕೆಳಗಿನ ಮನೆಯವರು... ಅಯ್ಯೋ! ಈಗ ಈ ಕಂಡಕ್ಟರ್ ಒಂದು ಮಾತು ಆಡಿದರೆ ಸಾಕು. ಆಡಿದರೂ ತಪ್ಪೇನು? ಈಗಷ್ಟೇ ಬಾಯಿಗೆ ಬಂದಂತೆ ಬೈದಿದ್ದೇನೆ.

ಕಂಡಕ್ಟರ್ ಅವಳ ಕಡೆ ನೋಡಲೂ ಇಲ್ಲ.

“ನಂದೇ ಕಣಪ್ಪ. ಕಿವಿ ಮಂದ. ಟಿವಿ ಜೋರಾಗಿ ಇಡ್ತೀನಿ. ನಿಮ್ಮ ಆಫೀಸಿಗೆ ಹಾಗೇ ಹೇಳು, ನನ್ನ ಕೆಲಸ ಅಂತೂ ಹೋಗಲ್ಲ.”

ಮಗ ಗೊಣಗುತ್ತಾ ಇಳಿದುಹೋದ. ಹೆಜ್ಜೆಯ ಸದ್ದು ಅಡಗಿತು.

“ನಿಮ್ಮ ಕಿವಿ ಚೆನ್ನಾಗೇ ಇದೆ,” ನರ್ಸಮ್ಮ ಅಂದಳು. ಕಣ್ಣು ತುಂಬಿತ್ತು. “ತಪ್ಪಾಯ್ತು.”

“ಇರಲಿ ಬಿಡಿ. ಬಸ್ಸಲ್ಲಿ ಇದಕ್ಕಿಂತ ದೊಡ್ಡ ಬೈಗುಳ ತಿಂದಿದ್ದೀನಿ.”

“ಮತ್ತೆ ಜೋಕಿಗೆ ಮೊದಲೇ ಯಾಕೆ ನಗ್ತೀರಿ?”

“ಮೊದಲೇನಾ? ನನ್ನ ಟಿವಿಲಿ ಮಾತು ಒಂದು ಉಸಿರು ಮುಂಚೆ ಬರುತ್ತೆ, ನರ್ಸಮ್ಮ. ನಾನು ನಗ್ತೀನಿ. ಆಮೇಲೆ...” ಅವನು ಹಾಲಿನ ಪ್ಯಾಕೆಟನ್ನು ಇನ್ನೊಂದು ಕೈಗೆ ಬದಲಿಸಿದ. “ನಿಮ್ಮ ನಗು ಬರೋ ತನಕ ಕಾಯ್ತೀನಿ. ಬರದೇ ಇದ್ದ ರಾತ್ರಿ ನಿದ್ದೆ ಬರಲ್ಲ.”

ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದಳು. ಈ ವಯಸ್ಸಿನಲ್ಲಿ ಎದೆ ಹೀಗೆ ಹೊಡೆದುಕೊಳ್ಳಬಹುದೇ?

“ಇವತ್ತು ವಾಲ್ಯೂಮ್ ಎಷ್ಟಿಡಲಿ?” ಅವನು ಕೇಳಿದ.

“ಇಬ್ಬರಿಗೆ ಸಾಕಾಗೋಷ್ಟು.”

ಅಂದು ರಾತ್ರಿ ಅವಳು ತನ್ನ ಟಿವಿಯ ಸದ್ದನ್ನು ಪೂರ್ತಿ ತೆಗೆದಳು. ತೆರೆಯ ಮೇಲೆ ಕನ್ನಡಕದ ಹುಡುಗಿಯ ತುಟಿ ಅಲುಗುತ್ತಿತ್ತು. ಮಾತು ಮಾತ್ರ ಗೋಡೆಯಾಚೆಯಿಂದ ಬರುತ್ತಿತ್ತು, ತುಟಿಗಿಂತ ಒಂದು ಉಸಿರು ಮುಂಚೆ. ಮಂತ್ರಿಗಳ ಮೇಲೊಂದು ಚಾಟಿ ಬಿತ್ತು.

ಮೊದಲ ಸಲ ಇಬ್ಬರೂ ಒಟ್ಟಿಗೇ ನಕ್ಕರು. ಟವೆಲ್ ಮಂಚದ ಮೇಲೇ ಇತ್ತು.

ಗೋಡೆಯಾಚೆ ಟಿವಿ ಒಂದು ಗಳಿಗೆ ಸುಮ್ಮನಾಯಿತು.

“ನರ್ಸಮ್ಮ... ಕಾಯೋದು ತಪ್ಪಿತಲ್ಲ?”

ಅವಳು ಅಂಗೈಯನ್ನು ಗೋಡೆಗೆ ಒತ್ತಿದಳು. “ತಪ್ಪಿತು.”

ಮಗನ ಕೋಣೆಯ ದೀಪ ಹೊತ್ತಿತು. “ಅಮ್ಮ? ಯಾರ ಜೊತೆ ಮಾತು?”

ನರ್ಸಮ್ಮ ಕೈ ತೆಗೆಯಲಿಲ್ಲ. ಯಾರಿಗೂ ಹೇಳಬಾರದು, ಮಗನಿಗಂತೂ ಹೇಳಲೇಬಾರದು ಎಂದುಕೊಂಡಳು.

“ಯಾರೂ ಇಲ್ಲಪ್ಪ. ಮಲಗು.”